ಅಳಿಸಿದ ಫೈಲ್ ಮತ್ತೆ ಸಿಗುತ್ತಿದೆಯೇ? ಎಲ್ಲಿಂದ ಎದ್ದು ಬಂತೆಂದು ಮೊದಲು ನೋಡಿ

ದಾವಣಗೆರೆಯ ಕೋರ್ಟ್ ಕಡೆ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ಅಕ್ಕ ಒಬ್ಬರು ತಮ್ಮ ಹಳೇ ಸಿಸ್ಟಮ್ಮನ್ನು ಆಟೋದಲ್ಲಿ ತಂದು ನಮ್ಮ ಸರ್ವೀಸ್ ಅಂಗಡಿಯ ಕೌಂಟರ್ ಮೇಲೆ ಇಟ್ಟರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿದ ಮೇಲೆ ಇಂಥ ಪಿಸಿಗಳು ನಮ್ಮಲ್ಲಿಗೆ ಸಾಲಾಗಿ ಬರುತ್ತಿವೆ. ಅವಕ್ಕೆ ವಿಂಡೋಸ್ 11 ಏರುವುದಿಲ್ಲ, ಯಾವನಾದರೂ ಕಾಲೇಜು ಹುಡುಗನಿಗೆ ಮಾರಿಬಿಡೋಣ ಎಂಬುದು ಎಲ್ಲರ ಲೆಕ್ಕ. ಅಕ್ಕನದೂ ಅದೇ. ಆದರೆ ಹನ್ನೆರಡು ವರ್ಷ ಊರಿನವರ ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣ ಪತ್ರ, ಬಾಡಿಗೆ ಕರಾರು ಎಲ್ಲ ಹಾದುಹೋದ ಪೆಟ್ಟಿಗೆ ಅದು. ಅವರು ಬುದ್ಧಿವಂತರು, ಬರೀ ಡಿಲೀಟ್ ಮಾಡಿ ಕೈತೊಳೆದುಕೊಳ್ಳಲಿಲ್ಲ. ಫೈಲ್ ಒರೆಸುವ ಒಂದು ಸಾಫ್ಟ್‌ವೇರ್ ಹಾಕಿ, ಅದರಲ್ಲಿ ಹಳೆಯದರ ಮೇಲೇ 35 ಸಲ ತಿದ್ದಿ ಬರೆಯುವ ಆಯ್ಕೆ ಒತ್ತಿ, ರಾತ್ರಿಯಿಡೀ ಓಡಿಸಿದ್ದರು.

"ಎಲ್ಲಾ ಹೋಗೈತಿ ಅಂತ ಹಸಿರು ಟಿಕ್ ತೋರಿಸ್ತಣ್ಣ. ಬೆಳಗ್ಗೆ ನಮ್ಮಕ್ಕನ ಮಗ ಬಂದು ಅದೇನೋ ರಿಕವರಿ ಹಾಕ್ದ, ಸಾವಿರಗಟ್ಟಲೆ ಫೋಟೋ ಹೊರಗ್ ತೆಗ್ದ. ನಾನ್ ರಾತ್ರಿಯೆಲ್ಲಾ ಕರೆಂಟ್ ಸುಟ್ಟಿದ್ದು ದಂಡಾನಾ?"

ಇಂಥ ದೂರು ಬಂದಾಗ ಎಲ್ಲರೂ ಮೊದಲು ಸಾಫ್ಟ್‌ವೇರನ್ನೇ ಬೈಯುತ್ತಾರೆ. ಇನ್ನೊಂದು ಡೌನ್‌ಲೋಡ್ ಮಾಡುತ್ತಾರೆ, 35ರ ಬದಲು 100 ಸಲ ಓಡಿಸುತ್ತಾರೆ. ನಾನು ನೋಡಿದ ಮಟ್ಟಿಗೆ ಒರೆಸುವ ಸಾಫ್ಟ್‌ವೇರ್ ತನಗೆ ತೋರಿಸಿದ ಫೈಲನ್ನು ಒರೆಸಿಯೇ ಇರುತ್ತದೆ. ಸಿಕ್ಕಿದ್ದು ಆ ಫೈಲ್ ಅಲ್ಲ, ಅದರ ಇನ್ನೊಂದು ಪ್ರತಿ, ಇನ್ನೊಂದು ಜಾಗದ್ದು. ಹಾಗಾಗಿ ಮತ್ತೆ ಒರೆಸುವುದಕ್ಕೆ ಮೊದಲು ಸಿಕ್ಕಿದ್ದನ್ನೇ ಕೈಯಲ್ಲಿ ಹಿಡಿದು ನೋಡಬೇಕು. ಅದರ ರೂಪವೇ ಅದು ಎಲ್ಲಿತ್ತೆಂದು ಹೇಳುತ್ತದೆ.

ಡಿಲೀಟ್ ಎಂದರೆ ಏನಾಗುತ್ತದೆ

ನಮ್ಮೂರ ಎಪಿಎಂಸಿ ನೋಡಿದವರಿಗೆ ಇದು ಸುಲಭ. ದಲಾಲಿ ಅಂಗಡಿಯ ಪುಸ್ತಕದಲ್ಲಿ ರೈತನ ಹೆಸರಿನ ಮೇಲೆ ಗೀಟು ಎಳೆದರೆ ಗೋದಾಮಿನ ಮೆಕ್ಕೆಜೋಳದ ಚೀಲ ಮಾಯವಾಗುವುದಿಲ್ಲ. ಆ ಜಾಗಕ್ಕೆ ಬೇರೆಯವರ ಲೋಡು ಬಂದು ಬೀಳುವವರೆಗೂ ಚೀಲ ಅಲ್ಲೇ ಇರುತ್ತದೆ. ಡಿಸ್ಕಿನಲ್ಲಿ ಫೈಲ್ ಜೋಡಿಸಿಡಲು ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಆ ಪುಸ್ತಕದ ಹೆಸರು ಮಾಸ್ಟರ್ ಫೈಲ್ ಟೇಬಲ್. ಡಿಲೀಟ್ ಮಾಡಿದರೆ ಅದರಲ್ಲಿ ಆ ಫೈಲಿನ ದಾಖಲೆಗೆ 'ಬಳಕೆಯಲ್ಲಿಲ್ಲ' ಎಂಬ ಗುರುತು ಬೀಳುತ್ತದೆ, ಅದರ ಜಾಗ 'ಖಾಲಿ' ಎಂದಾಗುತ್ತದೆ. ಅಷ್ಟೇ. ಶಿಫ್ಟ್ ಒತ್ತಿ ಡಿಲೀಟ್ ಮಾಡಿದರೆ ರೀಸೈಕಲ್ ಬಿನ್ ಎಂಬ ಒಂದು ಹೆಜ್ಜೆ ತಪ್ಪುತ್ತದೆ, ಚೀಲ ಅಲುಗುವುದಿಲ್ಲ.

ಕ್ವಿಕ್ ಫಾರ್ಮ್ಯಾಟ್ ಹೊಡೆಯುವುದೆಂದರೆ ಹಳೇ ಪುಸ್ತಕ ಎಸೆದು ಹೊಸದು ತೆರೆದಂತೆ. ಫುಲ್ ಫಾರ್ಮ್ಯಾಟ್ ಮಾತ್ರ ವಿಂಡೋಸ್ ವಿಸ್ಟಾದಿಂದ ಈಚೆಗೆ ಇಡೀ ಭಾಗಕ್ಕೆ ಸೊನ್ನೆ ಬರೆಯುತ್ತದೆ. ಎಕ್ಸ್‌ಪಿ ಕಾಲದಲ್ಲಿ ಫುಲ್ ಫಾರ್ಮ್ಯಾಟ್ ಕೂಡ ಕೆಟ್ಟ ಸೆಕ್ಟರ್, ಅಂದರೆ ಡಿಸ್ಕಿನ ಕೆಟ್ಟ ತುಣುಕು, ಹುಡುಕುತ್ತಿತ್ತೇ ಹೊರತು ಒರೆಸುತ್ತಿರಲಿಲ್ಲ. "ಅವಾಗ ಫಾರ್ಮ್ಯಾಟ್ ಹೊಡೆಸಿದ್ದೀನಲ್ಲ" ಎಂದು ಹಳೇ ಡಿಸ್ಕ್ ಹಿಡಿದು ಬರುವವರಿಗೆ ಇದನ್ನೇ ಹೇಳುತ್ತೇನೆ.

ಸಿಕ್ಕ ಫೈಲಿನ ರೂಪ ನೋಡಿ

ಫೈಲ್ ತನ್ನ ಹಳೇ ಹೆಸರು, ಫೋಲ್ಡರ್ ಸಮೇತ ಸಿಕ್ಕಿ, ತೆರೆದಾಗ ಸರಿಯಾಗಿ ತೆರೆದುಕೊಂಡರೆ, ಆ ಪ್ರತಿಯನ್ನು ಯಾರೂ ಒರೆಸಿಲ್ಲ, ಬರೀ ಡಿಲೀಟ್ ಮಾಡಿದ್ದಾರೆ. ಇಲ್ಲವೇ ಸಿಸ್ಟಮ್ ರಿಸ್ಟೋರ್ ತೆಗೆದಿಟ್ಟ ಶ್ಯಾಡೋ ಕಾಪಿಯಿಂದ, ಅಂದರೆ ಹಿಂದಿನ ದಿನದ ನೆರಳು ಪ್ರತಿಯಿಂದ, ಬಂದಿದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಪ್ರೀವಿಯಸ್ ವರ್ಶನ್ಸ್ ನೋಡಿ. ಅಲ್ಲಿ ಹಳೇ ದಿನಾಂಕಗಳು ಕಂಡರೆ ಕಳ್ಳ ಸಿಕ್ಕಿದ. ಸಿಸ್ಟಮ್ ಪ್ರೊಟೆಕ್ಷನ್ ಪುಟದಲ್ಲಿ ರಿಸ್ಟೋರ್ ಪಾಯಿಂಟ್‌ಗಳನ್ನು ಅಳಿಸಬಹುದು. ಆದರೆ ಅದಾದ ಮೇಲೂ ಅವುಗಳ ಜಾಗ ಬರೀ 'ಖಾಲಿ' ಆಗಿರುತ್ತದೆ, ಒರೆಸಿದ್ದಲ್ಲ.

ಹೆಸರು ಸಿಕ್ಕಿತು, ತೆರೆದರೆ ಒಳಗೆ ಸೊನ್ನೆ ಅಥವಾ ಕಸ. ಇದು ದೋಷವೇ ಅಲ್ಲ, ಒರೆಸಿದ್ದು ಕೆಲಸ ಮಾಡಿದೆ. ಎಷ್ಟೋ ಜನ ರಿಕವರಿ ಪಟ್ಟಿಯಲ್ಲಿ ಹೆಸರು ಕಂಡ ಕೂಡಲೇ ಗಾಬರಿಯಾಗುತ್ತಾರೆ. ಹೆಸರೆಲ್ಲ ಬರೀ ಝಡ್ ಅಕ್ಷರಗಳಾಗಿ ಕಂಡರೆ ಅದು ಎಸ್‌ಡಿಲೀಟ್ ಎಂಬ ಮೈಕ್ರೋಸಾಫ್ಟ್ ಟೂಲಿನ ಹೆಜ್ಜೆಗುರುತು. ಅದು ಅಳಿಸುವ ಮುಂಚೆ ಫೈಲಿನ ಹೆಸರನ್ನು ಎ ಇಂದ ಝಡ್ ತನಕ 26 ಸಲ ಬದಲಿಸುತ್ತದೆ, ಮೂಲ ಹೆಸರೂ ಉಳಿಯಬಾರದೆಂದು. ಆದರೆ ಹೆಸರೇ ಗುಟ್ಟಾಗಿದ್ದರೆ, ಅಂದರೆ ಕಕ್ಷಿದಾರನ ಹೆಸರು, ಸರ್ವೆ ನಂಬರ್ ಫೈಲಿನ ಹೆಸರಲ್ಲೇ ಇದ್ದರೆ, ಬರೀ ಒಳಗಿನದನ್ನು ಒರೆಸುವ ಟೂಲ್ ಸಾಲದು.

ಅಂಗೈಯಗಲದ ಮಸುಕು ಚಿತ್ರಗಳು ಸಿಕ್ಕರೆ ಅವು ಥಂಬ್‌ನೇಲ್ ಸಂಗ್ರಹದವು. ಫೋಲ್ಡರಿನಲ್ಲಿ ಚಿತ್ರಗಳನ್ನು ಚಿಕ್ಕದಾಗಿ ತೋರಿಸಲು ವಿಂಡೋಸ್ ಅವುಗಳ ಪುಟ್ಟ ಪ್ರತಿ ಮಾಡಿ ಬೇರೆ ಕಡೆ ಇಟ್ಟಿರುತ್ತದೆ. ಮೂಲ ಫೋಟೋ ಒರೆಸಿದರೂ ಇದು ಉಳಿಯುತ್ತದೆ. ಆಧಾರ್ ಕಾರ್ಡಿನ ಥಂಬ್‌ನೇಲ್‌ನಲ್ಲಿ ನಂಬರ್ ಓದಲಾಗದಿರಬಹುದು, ಮುಖ ಗುರುತು ಹತ್ತುತ್ತದೆ.

ಅಳಿಸಿದ ಫೈಲ್ ಮರುದಿನ ಅದೇ ಫೋಲ್ಡರಿನಲ್ಲಿ ತಾನೇ ಬಂದು ಕೂತಿದ್ದರೆ ಡಿಸ್ಕನ್ನು ಬಿಟ್ಟುಬಿಡಿ, ಕ್ಲೌಡ್ ಸಿಂಕ್ ನೋಡಿ. ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್ ಇನ್ನೊಂದು ಸಿಸ್ಟಮ್ಮಿನಿಂದ ಮತ್ತೆ ಇಳಿಸಿರುತ್ತದೆ. ಗೂಗಲ್ ಡ್ರೈವಿನ ಟ್ರ್ಯಾಶ್‌ನಲ್ಲಿ ಫೈಲ್ 30 ದಿನ ಇರುತ್ತದೆ, ಅದನ್ನೂ ಖಾಲಿ ಮಾಡಬೇಕು.

ಇನ್ನು ಉಳಿದದ್ದು ಅಕ್ಕನ ಕೇಸು. ಅವರ ಅಕ್ಕನ ಮಗ ತೆಗೆದದ್ದರಲ್ಲಿ ಒಂದಕ್ಕೂ ಮೂಲ ಹೆಸರಿಲ್ಲ. ಎಫ್ ಅಕ್ಷರ, ಅದರ ಮುಂದೆ ಏಳೆಂಟು ಅಂಕಿ, ಅಷ್ಟೇ. ಇದು ಫೋಟೋರೆಕ್ ಥರದ ಟೂಲಿನ ಕೆಲಸ. ಅದು ಪುಸ್ತಕವನ್ನು ನೋಡುವುದೇ ಇಲ್ಲ, ನೇರ ಗೋದಾಮಿಗೆ ಇಳಿದು ಚೀಲ ಚೀಲವನ್ನೂ ತಡವುತ್ತದೆ. ಜೆಪೆಗ್ ಚಿತ್ರಗಳೆಲ್ಲ ಎಫ್‌ಎಫ್ ಡಿ8 ಎಫ್‌ಎಫ್ ಎಂಬ ಮೂರು ಬೈಟ್‌ನಿಂದ ಶುರುವಾಗುತ್ತವೆ. ಅದು ಕಂಡಲ್ಲೆಲ್ಲ ಒಂದು ಫೋಟೋ ಎಂದು ಕತ್ತರಿಸಿ ಹೊರಗಿಡುತ್ತದೆ. ಹೀಗೆ ಸಿಕ್ಕಿದೆ ಎಂದರೆ ಅದು ಹೆಚ್ಚಾಗಿ ಡಿಸ್ಕಿನ 'ಖಾಲಿ' ಜಾಗದ್ದು.

ತಪ್ಪು ನನ್ನದೇ

ಸಿಕ್ಕ ಚಿತ್ರಗಳನ್ನು ಒಂದೊಂದೇ ತಿರುಗಿಸುತ್ತಾ ಹೋದೆ. ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್ ಸೈಜ್ ಫೋಟೋ, ನಡುವೆ ದುಗ್ಗಮ್ಮನ ಜಾತ್ರೆಯ ಯಾವುದೋ ಬ್ಯಾನರ್. ಅವುಗಳ ಮಧ್ಯೆ ವಿಂಡೋಸ್ 7ರ ನೀಲಿ ವಾಲ್‌ಪೇಪರ್ ಬಂತು. ಅಲ್ಲೇ ನಿಂತೆ. ಇದು ಡಿ ಡ್ರೈವ್. ಡೇಟಾ ಡ್ರೈವಿನಲ್ಲಿ ವಿಂಡೋಸ್‌ನ ಸ್ವಂತ ಚಿತ್ರಕ್ಕೇನು ಕೆಲಸ? ಅಂದರೆ ಈ ಡಿಸ್ಕ್ ಒಂದು ಕಾಲಕ್ಕೆ ಸಿ ಡ್ರೈವ್ ಆಗಿತ್ತು.

ಪೆಟ್ಟಿಗೆ ಬಿಚ್ಚಿದೆ. ಒಳಗೆ 240 ಜಿಬಿಯ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ ಇರುವ ಡಿಸ್ಕ್), ಪಕ್ಕದಲ್ಲಿ 500 ಜಿಬಿಯ ಹಳೇ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ ಮೇಲೆ ನಮ್ಮ ಅಂಗಡಿಯದೇ ಸ್ಟಿಕ್ಕರ್! ಸಿಸ್ಟಮ್ ಸ್ಲೋ ಎಂದು ಬಂದಿದ್ದಾಗ ಎಸ್‌ಎಸ್‌ಡಿ ಹಾಕಿ, ಅದಕ್ಕೆ ಹೊಸ ವಿಂಡೋಸ್ ಏರಿಸಿ, ಹಳೇ ಡಿಸ್ಕಿಗೆ ಕ್ವಿಕ್ ಫಾರ್ಮ್ಯಾಟ್ ಹೊಡೆದು ಡಿ ಡ್ರೈವ್ ಮಾಡಿ, ಬೇಕಾದ ಫೈಲ್ ವಾಪಸ್ ಹಾಕಿಕೊಟ್ಟವನು ನಾನೇ. ಅಕ್ಕ 35 ಸಲ ಒರೆಸಿದ್ದು ಆಮೇಲಿನ ಫೈಲ್‌ಗಳನ್ನು. ಅದಕ್ಕಿಂತ ಹಿಂದಿನ ಅಷ್ಟೂ ವರ್ಷದ ಸರಕು ಹೊಸ ಪುಸ್ತಕದಲ್ಲಿ ದಾಖಲೇ ಇಲ್ಲದೆ ಕೆಳಗೆ ಬಿದ್ದಿತ್ತು.

ಅದರ ಜತೆ ಡಿಟಿಪಿ ಕೆಲಸದ ಇನ್ನೊಂದು ಗುಣ. ವರ್ಡ್ ಒಂದು ಫೈಲ್ ಸೇವ್ ಮಾಡುವಾಗ ಹಳೆಯದರ ಮೇಲೇ ಬರೆಯುವುದಿಲ್ಲ. ಹೊಸದನ್ನು ತಾತ್ಕಾಲಿಕ ಹೆಸರಲ್ಲಿ ಬರೆದು, ಆಮೇಲೆ ಅದಲು ಬದಲು ಮಾಡಿ ಹಳೆಯದನ್ನು ಬಿಟ್ಟುಬಿಡುತ್ತದೆ. ಒಂದು ಕರಾರು ಪತ್ರವನ್ನು ಹತ್ತು ಸಲ ಸೇವ್ ಮಾಡಿದರೆ ಖಾಲಿ ಜಾಗದಲ್ಲಿ ಅದರ ಎಷ್ಟೋ ಅವತಾರ ಉಳಿದಿರುತ್ತವೆ. ಪ್ರಿಂಟ್ ಕೊಟ್ಟ ಪ್ರತಿಯೊಂದೂ ಸರದಿ ಕಾಯುವ ಸ್ಪೂಲ್ ಫೋಲ್ಡರಿನಲ್ಲಿ ಹುಟ್ಟಿ ಸಾಯುತ್ತದೆ, ಅದರ ಹೆಣವೂ ಖಾಲಿ ಜಾಗದಲ್ಲೇ.

35ರ ಬಗ್ಗೆ ಒಂದು ಮಾತು. ಇದು 1996ರಲ್ಲಿ ಕಂಪ್ಯೂಟರ್ ವಿಜ್ಞಾನಿ ಪೀಟರ್ ಗುಟ್‌ಮನ್ ಬರೆದ ಪ್ರಬಂಧದಿಂದ ಬಂದ ಸಂಖ್ಯೆ. ಆಗ ಇದ್ದ ಬೇರೆ ಬೇರೆ ಎನ್‌ಕೋಡಿಂಗ್‌ನ ಡಿಸ್ಕ್‌ಗಳನ್ನೆಲ್ಲ ಒಟ್ಟಿಗೆ ಮುಟ್ಟುವಂತೆ ಮಾಡಿದ ಪಟ್ಟಿ. ಈಗಿನ ಡಿಸ್ಕಿಗೆ 35ನ್ನೂ ಓಡಿಸುವುದು ಅರ್ಥವಿಲ್ಲದ್ದು ಎಂದು ಅವರೇ ಆಮೇಲೆ ಬರೆದರು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 2014ರ ಮಾರ್ಗಸೂಚಿಯಲ್ಲೂ ಹಾರ್ಡ್ ಡಿಸ್ಕಿಗೆ ಸಾಮಾನ್ಯವಾಗಿ ಒಂದು ಸಲ ತಿದ್ದಿ ಬರೆದರೆ ಸಾಕು. ತಪ್ಪು ಜಾಗವನ್ನು 35 ಸಲ ಗುಡಿಸಿದರೆ ಸರಿ ಜಾಗದ ಕಸ ಕದಲುವುದಿಲ್ಲ.

ಗುರುತಿನ ಫೈಲ್ ಇಟ್ಟು ಪರೀಕ್ಷೆ

ಹಸಿರು ಟಿಕ್ ನಂಬದೆ ನೀವೇ ಖಚಿತ ಮಾಡಿಕೊಳ್ಳಲು ಒಂದು ದಾರಿ ಇದೆ. ಒರೆಸುವ ಮುಂಚೆ ಡಿಸ್ಕಿನಲ್ಲಿ ನಿಮ್ಮದೇ ಒಂದು ಗುರುತು ನೆಡಿ. ನೋಟ್‌ಪ್ಯಾಡ್‌ನಲ್ಲಿ ಬೇರೆಲ್ಲೂ ಬರಲಾರದ ಉದ್ದನೆಯ ಅಂಕಿ, ಉದಾಹರಣೆಗೆ 990417700441799, ಬರೆದು ಐನೂರು ಸಾಲು ಕಾಪಿ ಮಾಡಿ ಸೇವ್ ಮಾಡಿ. ಒರೆಸಿದ ಮೇಲೆ ಎಚ್‌ಎಕ್ಸ್‌ಡಿ ಎಂಬ ಉಚಿತ ಹೆಕ್ಸ್ ಎಡಿಟರನ್ನು (ಡಿಸ್ಕಿನ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಟೂಲ್) ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಟೂಲ್ಸ್ ಮೆನುವಿನಲ್ಲಿ ಓಪನ್ ಡಿಸ್ಕ್ ಕೊಟ್ಟು, ಆ ಅಂಕಿಯನ್ನು ಇಡೀ ಡಿಸ್ಕಿನಲ್ಲಿ ಹುಡುಕಿ. ಅದು ತಾನಾಗಿ ಓದಲು ಮಾತ್ರ ತೆರೆಯುತ್ತದೆ, ಆ 'ಓದಲು ಮಾತ್ರ' ಟಿಕ್ಕನ್ನು ತೆಗೆಯಬೇಡಿ.

ಈ ಪರೀಕ್ಷೆಯಲ್ಲಿ ಕಾಲು ಜಾರುವ ಜಾಗಗಳಿವೆ, ನಾನೇ ಜಾರಿದ್ದೇನೆ. ಐನೂರು ಸಾಲು ಏಕೆಂದರೆ, ಸಾಮಾನ್ಯವಾಗಿ ಸುಮಾರು 700 ಬೈಟ್‌ಗಿಂತ ಚಿಕ್ಕ ಫೈಲ್ ಎನ್‌ಟಿಎಫ್‌ಎಸ್‌ನಲ್ಲಿ ಗೋದಾಮಿಗೆ ಹೋಗುವುದೇ ಇಲ್ಲ, ಮಾಸ್ಟರ್ ಫೈಲ್ ಟೇಬಲ್‌ನ ದಾಖಲೆಯೊಳಗೇ ಕೂತುಬಿಡುತ್ತದೆ. ಖಾಲಿ ಜಾಗ ಒರೆಸುವ ಕೆಲ ವಿಧಾನಗಳು ಅದನ್ನು ಮುಟ್ಟುವುದಿಲ್ಲ. ವಿಂಡೋಸ್‌ನ ಸೈಫರ್ ಕಮಾಂಡ್ ಖಾಲಿ ಜಾಗಕ್ಕೆ ಸೊನ್ನೆ, ಆಮೇಲೆ ಎಲ್ಲ ಒಂದು, ಆಮೇಲೆ ಯಾದೃಚ್ಛಿಕ ಅಂಕಿ ಹೀಗೆ ಮೂರು ಸುತ್ತು ಬರೆಯುತ್ತದೆ, ಆದರೂ ಇಂಥ ಪುಟಾಣಿ ಫೈಲ್ ತಪ್ಪಿಸಿಕೊಳ್ಳುತ್ತದೆ. ಪಾಸ್‌ವರ್ಡ್ ಬರೆದಿಟ್ಟ ನೋಟ್‌ಪ್ಯಾಡ್ ಫೈಲ್ ಸಾಮಾನ್ಯವಾಗಿ ಅಷ್ಟೇ ಚಿಕ್ಕದು ಎಂಬುದು ನೆನಪಿರಲಿ.

ಗುರುತನ್ನು ವರ್ಡ್ ಫೈಲಾಗಿ ಇಡಬೇಡಿ. ಈಗಿನ ವರ್ಡ್ ಫೈಲ್ ಒಳಗೆ ಜಿಪ್ ಆಗಿರುತ್ತದೆ, ಬರಹ ನೇರ ಕಾಣುವುದಿಲ್ಲ. ಕನ್ನಡದಲ್ಲೂ ಇಡಬೇಡಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಡಿಸ್ಕಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತವಾಗಿ ಕೂತಿರುತ್ತದೆ. ಯೂನಿಕೋಡ್ ಕನ್ನಡ ಯುಟಿಎಫ್-8ರಲ್ಲಿ ಅಕ್ಷರಭಾಗಕ್ಕೆ ಮೂರು ಬೈಟ್, ಯುಟಿಎಫ್-16ರಲ್ಲಿ ಎರಡು. ಒಂದೇ ಹೆಸರು ಮೂರು ವೇಷದಲ್ಲಿ ಇರಬಹುದು. 'ದಾವಣಗೆರೆ' ಎಂದು ಹುಡುಕಿ ಸಿಗಲಿಲ್ಲ ಎಂದು ನೆಮ್ಮದಿಪಟ್ಟರೆ ಮೋಸ ಹೋದಂತೆ. ಅಂಕಿಯಾದರೆ, ಯುಟಿಎಫ್-8ರಲ್ಲಿ ಸೇವ್ ಮಾಡಿದ್ದರೆ, ಬರೆದ ಹಾಗೇ ಸಿಗುತ್ತದೆ. ಒಂದೆರಡು ಕಡೆ ಮಾತ್ರ ಸಿಕ್ಕಿದರೆ ಪೇಜ್‌ಫೈಲ್, ಇಲ್ಲವೇ ಹೈಬರ್ನೇಶನ್ ಫೈಲ್ ಇರಬಹುದು, ಮೆಮೊರಿಯಲ್ಲಿದ್ದದ್ದನ್ನು ವಿಂಡೋಸ್ ಡಿಸ್ಕಿಗೆ ಇಳಿಸಿಡುವ ಜಾಗಗಳವು. ವಿಂಡೋಸ್ 11ರ ನೋಟ್‌ಪ್ಯಾಡ್ ಬೇರೆ, ತೆರೆದಿದ್ದ ಟ್ಯಾಬ್‌ಗಳ ಬರಹವನ್ನು ತಾನೇ ಉಳಿಸಿಟ್ಟುಕೊಳ್ಳುತ್ತದೆ.

ಡಿಸ್ಕ್ ಯಾವುದು ಎಂಬುದೇ ಅರ್ಧ ಉತ್ತರ

ಸರ್ಚ್‌ನಲ್ಲಿ ಡಿಫ್ರಾಗ್ಮೆಂಟ್ ಎಂದು ಹೊಡೆದು ಬರುವ ಕಿಟಕಿಯಲ್ಲಿ ಮೀಡಿಯಾ ಟೈಪ್ ಕಾಲಂ ನೋಡಿ. ಹಾರ್ಡ್ ಡಿಸ್ಕ್ ಎಂದಿದ್ದರೆ ತಿದ್ದಿ ಬರೆಯುವುದು ನಂಬಬಹುದಾದ ದಾರಿ. ಸಾಲಿಡ್ ಸ್ಟೇಟ್ ಎಂದಿದ್ದರೆ ಫೈಲ್ ಒರೆಸುವ ಸಾಫ್ಟ್‌ವೇರನ್ನು ಮರೆತುಬಿಡಿ.

ಎಸ್‌ಎಸ್‌ಡಿಯ ಫ್ಲ್ಯಾಶ್ ಚಿಪ್‌ನಲ್ಲಿ ಇದ್ದ ಜಾಗದ ಮೇಲೇ ತಿದ್ದಿ ಬರೆಯಲು ಆಗುವುದಿಲ್ಲ. ಬ್ಲಾಕ್ ಪೂರ್ತಿ ಅಳಿಸಿಯೇ ಮತ್ತೆ ಬರೆಯಬೇಕು. ಹಾಗಾಗಿ ಒಳಗಿನ ಕಂಟ್ರೋಲರ್ ಹೊಸ ಬರಹವನ್ನು ಬೇರೆ ಜಾಗದಲ್ಲಿ ಬರೆದು, ಹಳೆಯದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬಿಡುತ್ತದೆ. ಚಿಪ್ ಎಲ್ಲ ಕಡೆ ಸಮನಾಗಿ ಸವೆಯಲಿ ಎಂಬ ಲೆಕ್ಕವೂ ಅದಕ್ಕಿದೆ. ವಿಂಡೋಸ್‌ಗೆ ಕಾಣದ ಹೆಚ್ಚುವರಿ ಜಾಗವೂ ಒಳಗಿದೆ. 35 ಸಲ ತಿದ್ದಿದರೆ 35 ಬೇರೆ ಜಾಗದಲ್ಲಿ ಬರೆದು ಡಿಸ್ಕಿನ ಆಯಸ್ಸು ತಿಂದಂತೆ. ಆಪಲ್ ಕಂಪನಿ ಮ್ಯಾಕ್‌ನಲ್ಲಿದ್ದ 'ಸೆಕ್ಯೂರ್ ಎಂಪ್ಟಿ ಟ್ರ್ಯಾಶ್' ಸೌಲಭ್ಯವನ್ನು 2015ರಲ್ಲಿ ತೆಗೆದುಹಾಕಿದ್ದೂ ಎಸ್‌ಎಸ್‌ಡಿ ಮೇಲೆ ಅದರ ಭರವಸೆ ಕೊಡಲಾಗದೆ.

ಇಲ್ಲಿ ಆಸರೆ ಟ್ರಿಮ್. ಫೈಲ್ ಡಿಲೀಟ್ ಆದಾಗ 'ಈ ಜಾಗ ಬೇಡ' ಎಂದು ವಿಂಡೋಸ್ ಎಸ್‌ಎಸ್‌ಡಿಗೆ ಹೇಳುವ ಸೂಚನೆ ಅದು, ವಿಂಡೋಸ್ 7ರಿಂದ ಇದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಎಫ್‌ಎಸ್‌ಯುಟಿಲ್ ಮೂಲಕ ಡಿಸೇಬಲ್ ಡಿಲೀಟ್ ನೋಟಿಫೈ ಬೆಲೆ ಕೇಳಿದಾಗ 0 ಬಂದರೆ ಟ್ರಿಮ್ ಚಾಲೂ ಇದೆ. 1 ಬಂದರೆ ಇಲ್ಲ. ಹೆಸರೇ 'ನಿಲ್ಲಿಸು' ಎಂದಿರುವುದರಿಂದ ಇದು ಉಲ್ಟಾ, ಎಷ್ಟೋ ಹುಡುಗರು ಇಲ್ಲಿ ಎಡವುತ್ತಾರೆ. ಟ್ರಿಮ್ ಆದ ಜಾಗವನ್ನು ಓದಿದರೆ ಹೆಚ್ಚಿನ ಎಸ್‌ಎಸ್‌ಡಿಗಳು ಸೊನ್ನೆ ಕೊಡುತ್ತವೆ, ಆದರೆ ಚಿಪ್‌ನಲ್ಲಿ ನಿಜವಾಗಿ ಯಾವಾಗ ಅಳಿಸುತ್ತದೆಂಬುದು ಕಂಟ್ರೋಲರ್ ಮರ್ಜಿ. ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸಿಗೆ ಹಾಕಿ ಹೊರಗಿಂದ ಜೋಡಿಸಿದ್ದರೆ ಎಷ್ಟೋ ಕೇಸುಗಳು ಟ್ರಿಮ್ ಸೂಚನೆಯನ್ನು ದಾಟಿಸುವುದೇ ಇಲ್ಲ. "ಒಳಗಿದ್ದಾಗ ಸಿಗಲಿಲ್ಲ, ಹೊರಗೆ ಹಾಕಿ ಅಳಿಸಿದಾಗ ಎಲ್ಲ ಸಿಕ್ತು" ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ. ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಕೂಡ ಫ್ಲ್ಯಾಶ್ ಜಾತಿಯವೇ, ಒಂದೊಂದೇ ಫೈಲ್ ಒರೆಸಿ ನಂಬುವಂತಿಲ್ಲ.

ಡಿಸ್ಕಿನ ಬರಹವನ್ನೆಲ್ಲ ಗುಪ್ತಲಿಪಿ ಮಾಡಿಡುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಕೆಲಸ ಹಗುರ. ಕೀಲಿ ನಾಶವಾದರೆ ಉಳಿದದ್ದೆಲ್ಲ ಬರೀ ಗೊಜ್ಜು. ಆದರೆ ಬಿಟ್‌ಲಾಕರ್ ಹಾಕಿಯೂ ಹಳೇ ಫೈಲ್ ಸಿಗುತ್ತಿದೆ ಎಂದರೆ, ಅದನ್ನು ಆಮೇಲೆ ಹಾಕಿದ್ದು, 'ಬಳಸಿದ ಜಾಗ ಮಾತ್ರ' ಎಂಬ ಆಯ್ಕೆ ಒತ್ತಿದ್ದು ಎಂದು ತಿಳಿಯಿರಿ. ಆಗ ಖಾಲಿ ಜಾಗದ ಹಳೇ ಸರಕಿಗೆ ಬೀಗ ಬಿದ್ದಿರುವುದಿಲ್ಲ.

ಅಕ್ಕನ ಸಿಸ್ಟಮ್ಮಿಗೆ ಮಾಡಿದ್ದು

ಮೊದಲು ಉಳಿಸಬೇಕಾದ್ದು ಯಾವುದೆಂದು ಕೇಳಿದೆ. ಈ ಪ್ರಶ್ನೆ ಬಿಟ್ಟು ಒರೆಸಲು ಕೂರುವವರು ಆಮೇಲೆ ಅಳುತ್ತಾರೆ. ಜಿಎಸ್‌ಟಿ ನೋಂದಣಿ ಇದ್ದವರು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿರುವ ಕಾಗದವಂತೂ ಮುಟ್ಟಲೇಬಾರದು. ಅಕ್ಕ ಎರಡು ಫೋಲ್ಡರ್ ತೋರಿಸಿದರು, ಹೊಸ ಸಿಸ್ಟಮ್ಮಿಗೆ ಹಾಕಿ, ತೆರೆದು ನೋಡಿಕೊಂಡೆವು.

ಆಮೇಲೆ ಎಸ್‌ಎಸ್‌ಡಿಯ ಕೇಬಲ್ ಕಿತ್ತೆ. ಇದು ನನ್ನ ಕಟ್ಟುನಿಟ್ಟು, ಒರೆಸುವ ಡಿಸ್ಕ್ ಒಂದೇ ಜೋಡಿಸಿರಬೇಕು. ಸಿಸ್ಟಮ್ಮನ್ನು ವಿಂಡೋಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡಿಸ್ಕ್‌ಪಾರ್ಟ್ ಎಂಬ ವಿಂಡೋಸ್ ಟೂಲಿನಲ್ಲಿ ಗಾತ್ರ ನೋಡಿ ಹಾರ್ಡ್ ಡಿಸ್ಕನ್ನೇ ಆರಿಸಿ, 'ಕ್ಲೀನ್ ಆಲ್' ಕೊಟ್ಟೆ. ಬರೀ 'ಕ್ಲೀನ್' ಎಂದರೆ ಪಾರ್ಟಿಶನ್ ಮಾಹಿತಿ ಮಾತ್ರ ಹೋಗುತ್ತದೆ, 'ಆಲ್' ಸೇರಿಸಿದರೆ ಪ್ರತಿ ಸೆಕ್ಟರಿಗೂ ಸೊನ್ನೆ ಬೀಳುತ್ತದೆ. ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ 500 ಜಿಬಿಗೆ ಒಂದೂವರೆ ಗಂಟೆ ಹತ್ತಿರ. ಅದನ್ನೇ ಹಳೇ ಯುಎಸ್‌ಬಿ 2.0 ಕೇಸಿನಲ್ಲಿ ಹಾಕಿದ್ದರೆ ನಾಲ್ಕೂವರೆ ಗಂಟೆಗೂ ಮೇಲೆ. ಪರದೆಯಲ್ಲಿ ಏನೂ ಅಲುಗಾಡುವುದಿಲ್ಲ, ಹ್ಯಾಂಗ್ ಆಯಿತೆಂದು ಸ್ವಿಚ್ ಆರಿಸಬೇಡಿ. ನಮ್ಮ ಕಡೆ ಬೇಸಿಗೆಯ ಕರೆಂಟ್ ನಂಬುವಂತಿಲ್ಲ, ಯುಪಿಎಸ್ ಮೇಲೆ ಇಟ್ಟಿದ್ದೆ. ನಡುವೆ ಕರೆಂಟ್ ಹೋದರೆ ಮೊದಲಿಂದ ಮತ್ತೆ.

ಮುಗಿದ ಮೇಲೆ ಗುರುತಿನ ಅಂಕಿ ಹುಡುಕಿದೆ, ಸಿಗಲಿಲ್ಲ. ಫೋಟೋರೆಕ್ ಓಡಿಸಿದೆ, ಸೊನ್ನೆ ಫೈಲ್. ಆದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ರೀಅಲೊಕೇಟೆಡ್ ಸೆಕ್ಟರ್ ಎಂಬಲ್ಲಿ ಕೆಲವು ಕಂಡವು. ಕೆಟ್ಟುಹೋದವೆಂದು ಡಿಸ್ಕ್ ತಾನೇ ಪಕ್ಕಕ್ಕಿಟ್ಟ ಸೆಕ್ಟರ್‌ಗಳವು, ಅವುಗಳೊಳಗೆ ಉಳಿದದ್ದಕ್ಕೆ ಡಿಸ್ಕ್‌ಪಾರ್ಟಿನ ಸೊನ್ನೆ ತಲುಪುವುದಿಲ್ಲ. ಅಂಥ ಡಿಸ್ಕ್ ಮಾರಲು ಯೋಗ್ಯವೂ ಅಲ್ಲ. ಅಕ್ಕನಿಗೆ ಹೇಳಿದೆ, "ಇದನ್ನ ಮಾರೋದ್ ಬ್ಯಾಡಕ್ಕ, ಮುರ್ದುಬಿಡಾಣ." ತಟ್ಟೆ ಬಿಚ್ಚಿ ಡ್ರಿಲ್ ಹೊಡೆದು ಬಗ್ಗಿಸಿದೆ. ಲ್ಯಾಪ್‌ಟಾಪಿನ ಡಿಸ್ಕ್ ಆದರೆ ತಟ್ಟೆ ಗಾಜಿನದಿರಬಹುದು, ಚೂರು ಸಿಡಿಯುತ್ತದೆ, ಕನ್ನಡಕ ಇಲ್ಲದೆ ಕೈ ಹಾಕಬೇಡಿ.

ಎಸ್‌ಎಸ್‌ಡಿಗೆ ದಾರಿ ಬೇರೆ. ಸಾಟಾ ಎಸ್‌ಎಸ್‌ಡಿಗಳಲ್ಲಿ ಸೆಕ್ಯೂರ್ ಇರೇಸ್ ಎಂಬ ಆಜ್ಞೆ ಒಳಗೇ ಇದೆ. ಕಂಟ್ರೋಲರೇ ತನ್ನ ಹೆಚ್ಚುವರಿ ಜಾಗ ಸೇರಿಸಿ ಅಳಿಸಬೇಕಾದ ಆಜ್ಞೆ ಅದು. ತಯಾರಕರ ಟೂಲಿನಿಂದಲೋ ಲಿನಕ್ಸ್ ಪೆನ್‌ಡ್ರೈವಿನ ಎಚ್‌ಡಿಪಾರ್ಮ್ ಎಂಬ ಕಮಾಂಡಿನಿಂದಲೋ ಕೊಡಬಹುದು. ಎನ್‌ವಿಎಂಇ ಎಂಬ ಹೊಸ ಮಾದರಿಯ ಎಸ್‌ಎಸ್‌ಡಿ ಆದರೆ ಅದರದೇ ಫಾರ್ಮ್ಯಾಟ್, ಸ್ಯಾನಿಟೈಜ್ ಆಜ್ಞೆಗಳಿವೆ. ನನಗೆ 'ಫ್ರೋಜನ್' ಎಂಬ ಉತ್ತರ ಬಂತು. ಬೂಟ್ ಆಗುವಾಗ ಬಯಾಸ್ ಹಾಕುವ ಬೀಗ ಅದು, ವೈರಸ್ ಯಾವುದೂ ಈ ಆಜ್ಞೆ ಕೊಡದಿರಲೆಂದು. ಸಿಸ್ಟಮ್ಮನ್ನು ಸ್ಲೀಪ್‌ಗೆ ಕಳಿಸಿ ಎಬ್ಬಿಸಿದರೆ ಸಾಮಾನ್ಯವಾಗಿ ಬಿಡುತ್ತದೆ, ಬಿಟ್ಟಿತು. ಅಳಿಸುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಇಷ್ಟೆಲ್ಲ ಬೇಡ ಎನ್ನುವವರಿಗೆ ವಿಂಡೋಸ್‌ನ 'ರೀಸೆಟ್ ದಿಸ್ ಪಿಸಿ'ಯಲ್ಲಿ ಎಲ್ಲ ತೆಗೆ ಎಂದು ಆರಿಸಿ, ಒಳಗಿನ ಸೆಟ್ಟಿಂಗ್‌ನಲ್ಲಿ ಡೇಟಾ ಕ್ಲೀನ್ ಮಾಡು ಎಂಬುದನ್ನು ಚಾಲೂ ಮಾಡುವುದು ಮನೆಬಳಕೆಗೆ ಸಾಕು. ಆ ಗುಂಡಿ ಒಳಗೆ ಅಡಗಿದೆ, ತಾನಾಗಿ ಚಾಲೂ ಇರುವುದಿಲ್ಲ.

ಸಂಜೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಅಕ್ಕ ವಾಪಸ್ ಬಂದರು. ತಪ್ಪು ನನ್ನದೇ ಇದ್ದದ್ದರಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಹೊರಡುವಾಗ ಸುಮ್ಮನೆ ಕೇಳಿದೆ, ಗಿರಾಕಿಗಳು ಕಾಗದ ಹೇಗೆ ಕಳಿಸುತ್ತಾರೆ ಎಂದು.

"ಈಗೆಲ್ಲಾ ವಾಟ್ಸಾಪ್‌ನಾಗೇ ಅಲ್ಲೇನಣ್ಣ."

ಫೋನ್ ಇಸಿದುಕೊಂಡು ಗ್ಯಾಲರಿ ತೆರೆದೆ. ಮಾರ್ಕ್ಸ್ ಕಾರ್ಡು, ಆಧಾರು, ಪಹಣಿ, ಎಲ್ಲ ಅಲ್ಲೂ ಇದ್ದವು, ಗೂಗಲ್ ಫೋಟೋಸ್‌ಗೂ ಬ್ಯಾಕಪ್ ಆಗಿದ್ದವು. ಅಲ್ಲಿ ಅಳಿಸಿದರೂ ಬ್ಯಾಕಪ್ ಆದದ್ದು ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ. ಅಂಗಡಿಯ ದೊಡ್ಡ ಜೆರಾಕ್ಸ್ ಮಶೀನಿನೊಳಗೂ ಹಾರ್ಡ್ ಡಿಸ್ಕ್ ಇರಬಹುದು ಎಂದೆ. ಅಕ್ಕ ಮಂಡಕ್ಕಿ ಪೊಟ್ಟಣ ಕೌಂಟರ್ ಮೇಲೆ ಬಿಚ್ಚಿಟ್ಟು ಸ್ಟೂಲ್ ಎಳೆದುಕೊಂಡು ಕೂತರು. ವಾಟ್ಸಾಪ್‌ನಿಂದ ಶುರು ಮಾಡಿದೆವು.